ಸರಕಿನ ಪಟ್ಟಿಯಲ್ಲಿ ಮನುಷ್ಯರು: ಬೈಬಲ್‌ನ ಕಡಲು ಮತ್ತು ಹಡಗುಗಳನ್ನು ಓದುವ ಒಂದು ಬಗೆ

ನಾನು ಆರಿಸಿಕೊಂಡ ವಿಷಯ ಬೈಬಲ್‌ನಲ್ಲಿ ಬರುವ ಕಡಲು ಮತ್ತು ಹಡಗುಗಳ ಸಂಕೇತ. ಕನ್ನಡ ಎಂ.ಎ. ಓದುವವರಿಗೆ ಬೈಬಲ್ ಯಾಕೆ ಅಂತ ಯಾರಿಗಾದರೂ ಅನ್ನಿಸಬಹುದು. ಕಾಸರಗೋಡಿನ ಕಡೆಯವರಿಗೆ ಇದಕ್ಕೆ ಉತ್ತರ ಹತ್ತಿರದಲ್ಲೇ ಉಂಟು. ಏಸುವಿನ ಕೊನೆಯ ದಿನವನ್ನು ‘ಗೊಲ್ಗೊಥಾ’ ಎಂಬ ಖಂಡಕಾವ್ಯವಾಗಿ ಕನ್ನಡಕ್ಕೆ ಕೊಟ್ಟವರು ನಮ್ಮ ಮಂಜೇಶ್ವರದ ಗೋವಿಂದ ಪೈಗಳು. ಅದಕ್ಕೂ ಹಿಂದೆ ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಹೊಸಗನ್ನಡ ಗದ್ಯದ ಚರಿತ್ರೆ ಬರೆಯುವವರು ಈ ಪುಸ್ತಕವನ್ನು ದಾಟಿ ಹೋಗುವ ಹಾಗಿಲ್ಲ.

ಬೈಬಲ್‌ನ ಸಂಕೇತಗಳ ಬಗ್ಗೆ ಕೈಪಿಡಿಗಳು ಸಾಮಾನ್ಯವಾಗಿ ಒಂದು ಸಮೀಕರಣ ಕೊಡುತ್ತವೆ: ಕಡಲು ಅಂದರೆ ಲೋಕದ ಕಷ್ಟ, ಹಡಗು ಅಂದರೆ ಸಭೆ, ಲಂಗರು ಅಂದರೆ ಭರವಸೆ. ನಮ್ಮ ಪರೀಕ್ಷೆಯ ಉತ್ತರಗಳಲ್ಲಿ ಭವಸಾಗರಕ್ಕೆ ಸಂಸಾರ, ದೋಣಿಗೆ ಭಕ್ತಿ ಅಂತ ಬರೆಯುತ್ತೇವಲ್ಲ, ಅದೇ ತರಹ. ಈ ಸಮೀಕರಣ ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಅದರಲ್ಲಿ ಹೆಚ್ಚಿನ ಭಾಗ ಬೈಬಲ್ ಪೂರ್ತಿಯಾದ ಮೇಲೆ ಬಂದದ್ದು. ಪಠ್ಯದೊಳಗೆ ಹೋದರೆ ಹಡಗಿನ ಅರ್ಥ ಎರಡು ಪ್ರಶ್ನೆಗಳ ಮೇಲೆ ನಿಂತಿರುತ್ತದೆ. ಹಡಗು ಯಾರದು? ಅದರೊಳಗೆ ಸರಕಾಗಿ ಇರುವವರು ಯಾರು? ಈ ಎರಡು ಪ್ರಶ್ನೆಗಳನ್ನು ಹಿಡಿದುಕೊಂಡು ಹಳೆ ಒಡಂಬಡಿಕೆಯಿಂದ ಹೊಸ ಒಡಂಬಡಿಕೆಯವರೆಗೆ ಒಮ್ಮೆ ನಡೆದು ಬರುವುದು ನನ್ನ ಉದ್ದೇಶ.

ಮೊದಲು ನೆಲದ ಸಂಗತಿ. ಇಸ್ರಾಯೇಲರು ಮುಖ್ಯವಾಗಿ ಗುಡ್ಡದ ಜನ. ಯೆರೂಸಲೇಮ್ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಮೆಡಿಟರೇನಿಯನ್ ಕಡಲು ಹೆಚ್ಚು ದೂರವೇನಲ್ಲ, ಸುಮಾರು 50 ಕಿಲೋಮೀಟರ್. ಆದರೂ ಆ ಕರಾವಳಿ ಅವರ ಕೈಯಲ್ಲಿ ಇದ್ದದ್ದು ಕಡಿಮೆ. ದಕ್ಷಿಣದಲ್ಲಿ ಗಾಜಾ, ಅಷ್ಕೆಲೋನ್, ಅಷ್ಡೋದ್ ಪಟ್ಟಣಗಳು ಫಿಲಿಷ್ಟಿಯರವು. ಉತ್ತರದಲ್ಲಿ ತೂರ್, ಸೀದೋನ್ ಪಟ್ಟಣಗಳು ಫಿನೀಷಿಯನ್ನರವು. ಕರ್ಮೆಲ್ ಬೆಟ್ಟದಿಂದ ಕೆಳಗೆ ದಡ ಬಹುಪಾಲು ನೇರವಾಗಿ ಸಾಗುತ್ತದೆ, ಹಡಗು ನಿಲ್ಲಿಸಲಿಕ್ಕೆ ಒಳ್ಳೆಯ ಕೊಲ್ಲಿಗಳಿಲ್ಲ. ಕೈಸರೈಯದಲ್ಲಿ ಹೆರೋದ ರಾಜ ಕಡಲಿನೊಳಗೆ ಗೋಡೆ ಕಟ್ಟಿ ಬಂದರು ಮಾಡಿಸಿದ್ದು ಕ್ರಿಸ್ತಪೂರ್ವ ಒಂದನೇ ಶತಮಾನದ ಕೊನೆಯಲ್ಲಿ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅವರು ಘಟ್ಟದ ಮೇಲಿನವರು, ಕಡಲು ಘಟ್ಟದ ಕೆಳಗಿನವರ ಸೊತ್ತು.

ಭಾಷೆಯಲ್ಲೂ ಇದರ ಗುರುತು ಉಂಟು. ಹೀಬ್ರೂವಿನಲ್ಲಿ ‘ಯಾಮ್’ ಅಂದರೆ ಕಡಲು. ಅದೇ ಪದಕ್ಕೆ ಪಶ್ಚಿಮ ದಿಕ್ಕು ಅಂತಲೂ ಅರ್ಥ. ನಾವು ಸೂರ್ಯ ಬೀಳುವ ಪಡು ದಿಕ್ಕನ್ನು ಹಿಡಿದು ಕಡಲನ್ನು ಪಡುಗಡಲು ಅನ್ನುತ್ತೇವೆ. ಅವರು ಕಡಲನ್ನು ಹಿಡಿದು ದಿಕ್ಕಿಗೆ ಹೆಸರಿಟ್ಟರು. ಗುಡ್ಡದ ಮೇಲೆ ನಿಂತು ನೋಡುವವರಿಗೆ ಕಡಲು ಅಂದರೆ ನೆಲ ಮುಗಿಯುವ ಕಡೆ.

ಹಾಗಾಗಿ ಬೈಬಲ್‌ನ ಕಡಲು ಮೊದಲು ಕಾಣಿಸಿಕೊಳ್ಳುವುದು ಹಡಗಿಲ್ಲದ ಕಡಲಾಗಿ. ಆದಿಕಾಂಡದ ಮೊದಲ ಅಧ್ಯಾಯದ ಆರಂಭದಲ್ಲೇ ಕತ್ತಲೆ ಕವಿದ ಆಳವಾದ ನೀರು ಬರುತ್ತದೆ. ಅದಕ್ಕೆ ಹೀಬ್ರೂ ಪದ ‘ತೆಹೋಮ್’. ಬ್ಯಾಬಿಲೋನಿಯದ ‘ಎನೂಮ ಎಲಿಶ್’ ಕಾವ್ಯದಲ್ಲಿ ಮರ್ದೂಕ್ ದೇವತೆ ಸೀಳಿ ಲೋಕ ಮಾಡುವ ಕಡಲಿನ ಹೆಣ್ಣು ತಿಯಾಮತ್. ಈ ಎರಡು ಪದಗಳು ನೆಂಟರು. ಜರ್ಮನಿಯ ಹೆರ್ಮಾನ್ ಗುಂಕೆಲ್ 1895ರಲ್ಲಿ ಎರಡೂ ಕಥೆಗಳನ್ನು ಪಕ್ಕಪಕ್ಕ ಇಟ್ಟು ಓದಿದರು. ಮುಂದೆ 1928ರಲ್ಲಿ ಸಿರಿಯಾದ ಕರಾವಳಿಯಲ್ಲಿ ಉಗಾರಿತ್ ನಗರದ ಕುರುಹು ಸಿಕ್ಕಿತು. ಅಲ್ಲಿನ ಜೇಡಿಮಣ್ಣಿನ ಹಲಗೆಗಳಲ್ಲಿ ಬಾಳ ದೇವತೆ ‘ಯಮ್ಮ್’ ಎಂಬ ಕಡಲಿನ ಜೊತೆ ಕಾದಾಡುವ ಕಥೆ ಇತ್ತು. ಬೈಬಲ್‌ನ ಲಿವ್ಯಾತಾನ ಎಂಬ ಜಲಸರ್ಪದ ಹೆಸರಿಗೆ ಹತ್ತಿರವಾದ ಹೆಸರೂ ಅಲ್ಲಿ ಸಿಕ್ಕಿತು.

ಬೈಬಲ್ ಈ ಹಳೆ ಕಥೆಯನ್ನು ಪಡೆದುಕೊಂಡು ಪಳಗಿಸಿತು. ಆದಿಕಾಂಡದಲ್ಲಿ ಕಾಳಗವೇ ಇಲ್ಲ, ಮಾತಿಗೆ ನೀರು ಸರಿಯುತ್ತದೆ. ಯೋಬನ ಪುಸ್ತಕದ 38ನೇ ಅಧ್ಯಾಯದಲ್ಲಿ ಕಡಲು ಆಗ ತಾನೇ ಹುಟ್ಟಿದ ಕೂಸು, ಮೋಡ ಅದಕ್ಕೆ ಸುತ್ತಿದ ಬಟ್ಟೆ, ಬಾಗಿಲು ಅಗುಳಿ ಹಾಕಿ ಅದನ್ನು ತಡೆದಿದೆ. 104ನೇ ಕೀರ್ತನೆಯಲ್ಲಿ ಲಿವ್ಯಾತಾನ ನೀರಲ್ಲಿ ಆಟವಾಡುವ ಪ್ರಾಣಿ, ಅದರ ಪಕ್ಕದಲ್ಲೇ ಹಡಗುಗಳು ಓಡಾಡುತ್ತವೆ. ಆದರೆ ಬಾಗಿಲು ಹಾಕಿದ್ದಾರೆ ಅಂದರೆ ಒಳಗಿನದ್ದು ಹೊರಗೆ ಬರಬಹುದು ಎಂಬ ಹೆದರಿಕೆ ಇದ್ದೇ ಇದೆ.

ಈಗ ನೋಹನ ಕಥೆಗೆ ಬರೋಣ. ಹಡಗು ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಅದೇ. ಆದರೆ ಮೂಲದಲ್ಲಿ ಅದು ಹಡಗಲ್ಲ. ಹೀಬ್ರೂವಿನಲ್ಲಿ ಹಡಗಿಗೆ ‘ಒನಿಯಾ’ ಎಂಬ ಪದ ಇದೆ, ಅದನ್ನು ಇಲ್ಲಿ ಬಳಸಿಲ್ಲ. ಬಳಸಿದ್ದು ‘ತೇವಾ’. ಇಡೀ ಹೀಬ್ರೂ ಬೈಬಲ್‌ನಲ್ಲಿ ಈ ಪದ ಎರಡೇ ವಸ್ತುಗಳಿಗೆ ಬರುತ್ತದೆ: ಒಂದು ನೋಹನದು, ಇನ್ನೊಂದು ಹಸುಗೂಸು ಮೋಶೆಯನ್ನು ನೈಲ್ ನದಿಯ ಜೊಂಡಿನ ನಡುವೆ ಇಟ್ಟ ಬುಟ್ಟಿ. ಗ್ರೀಕ್ ಅನುವಾದಕರೂ ಲ್ಯಾಟಿನ್ ಅನುವಾದಕರೂ ನೋಹನದಕ್ಕೆ ಪೆಟ್ಟಿಗೆ ಎಂಬ ಅರ್ಥದ ಪದವನ್ನೇ ಹಾಕಿದರು. 300 ಮೊಳ ಉದ್ದ, 50 ಮೊಳ ಅಗಲ, 30 ಮೊಳ ಎತ್ತರ ಅಂತ ಲೆಕ್ಕ ಕೊಡುವ ಕಥೆ ಹಾಯಿ, ಹುಟ್ಟು, ಚುಕ್ಕಾಣಿ ಯಾವುದನ್ನೂ ಹೇಳುವುದಿಲ್ಲ. ಗಿಲ್ಗಮೇಶ್ ಕಾವ್ಯದ ಪ್ರಳಯದ ನಾವೆಯಲ್ಲಿ ಒಬ್ಬ ನಾವಿಕ ಇದ್ದಾನೆ, ಅವನಿಗೆ ಹೆಸರೂ ಇದೆ. ನೋಹನಲ್ಲಿ ಅವನಿಲ್ಲ. ಬಾಗಿಲನ್ನು ಮುಚ್ಚುವವನೂ ನೋಹನಲ್ಲ, ದೇವರು.

ಕನ್ನಡ ಅನುವಾದ ಇದನ್ನು ‘ನಾವೆ’ ಅಂದಿತು. ಚಂದದ ಪದ. ಆದರೆ ಸಂಸ್ಕೃತದ ‘ನೌ’ ಎಂಬುದರಿಂದ ಬಂದ ಈ ಪದದ ಜೊತೆ ನಮ್ಮ ಪರಂಪರೆಯ ಅಂಬಿಗ ತಾನಾಗಿ ಹತ್ತಿ ಕೂರುತ್ತಾನೆ. ಶತಪಥ ಬ್ರಾಹ್ಮಣದ ಮನುವಿನ ಕಥೆಯಲ್ಲಾದರೂ ಮೀನಿನ ಕೊಂಬಿಗೆ ಹಗ್ಗ ಕಟ್ಟಿ ಎಳೆಸುತ್ತಾರೆ. ನೋಹನ ಪೆಟ್ಟಿಗೆಯನ್ನು ಎಳೆಯುವವರೂ ಇಲ್ಲ, ನಡೆಸುವವರೂ ಇಲ್ಲ, ಅದಕ್ಕೆ ಹೋಗಬೇಕಾದ ಊರೂ ಇಲ್ಲ. ಅದು ತೇಲಿದರೆ ಸಾಕು. ಕನ್ನಡದಲ್ಲಿ ಮೋಶೆಯ ಬುಟ್ಟಿಗೆ ಬೇರೆ ಪದ ಬಿದ್ದದ್ದರಿಂದ ಒಂದು ದೊಡ್ಡ ಸಂಬಂಧವೂ ಮರೆಯಾಯಿತು. ಲೋಕ ಮುಳುಗುವಾಗ ಜೀವ ಉಳಿಸಿದ ಪೆಟ್ಟಿಗೆಯ ಹೆಸರೇ, ದಾಸರ ಮಕ್ಕಳನ್ನು ಫರೋಹ ನದಿಗೆ ಎಸೆಯುತ್ತಿದ್ದಾಗ ಒಂದು ಕೂಸನ್ನು ಉಳಿಸಿದ ಬುಟ್ಟಿಯ ಹೆಸರು. ತೇವಾ ಎಂಬುದು ಯಜಮಾನನಿಲ್ಲದ ನಾವೆ. ಬೈಬಲ್‌ನಲ್ಲಿ ನೀರಿನ ಮೇಲೆ ಪೂರ್ತಿ ನಂಬಬಹುದಾದ ವಸ್ತು ಇದೊಂದೇ ಅಂತ ನನಗನ್ನಿಸುತ್ತದೆ.

ಅದೇ ಮೋಶೆ ದೊಡ್ಡವನಾಗಿ ಜನರನ್ನು ಬಿಡಿಸಿಕೊಂಡು ಬರುವಾಗಲೂ ಕಡಲು ಎದುರಾಗುತ್ತದೆ. ಅವರು ದಾಟುವುದು ಕಾಲ್ನಡಿಗೆಯಲ್ಲಿ. ಇಸ್ರಾಯೇಲರ ನೆನಪಿನ ಅತಿ ಮುಖ್ಯ ಕಡಲ ಘಟನೆಯಲ್ಲಿ ಒಂದು ತೆಪ್ಪವೂ ಇಲ್ಲ. ಇದನ್ನು ಧರ್ಮೋಪದೇಶಕಾಂಡದ 28ನೇ ಅಧ್ಯಾಯದ ಜೊತೆ ಇಟ್ಟು ಓದಬೇಕು. ಅಲ್ಲಿ ಶಾಪಗಳ ಉದ್ದ ಪಟ್ಟಿಯೊಂದಿದೆ. ಅದರ ಕಟ್ಟಕಡೆಯ ಶಾಪ ಹಡಗಿನದು. ನೀವು ಒಪ್ಪಂದ ಮುರಿದರೆ ಹಡಗುಗಳಲ್ಲಿ ಐಗುಪ್ತಕ್ಕೆ ವಾಪಸು ಹೋಗುತ್ತೀರಿ, ಅಲ್ಲಿ ದಾಸರಾಗಿ ಮಾರಾಟಕ್ಕೆ ನಿಲ್ಲುತ್ತೀರಿ, ಕೊಳ್ಳುವವರೂ ಇರುವುದಿಲ್ಲ ಎಂಬುದು ಅದರ ತಾತ್ಪರ್ಯ. ನಡೆದು ಪಡೆದ ಬಿಡುಗಡೆಯನ್ನು ಹಡಗು ಕಿತ್ತುಕೊಳ್ಳುತ್ತದೆ. ಇಲ್ಲಿ ಹಡಗು ಸಭೆಯೂ ಅಲ್ಲ, ಬದುಕಿನ ಪಯಣವೂ ಅಲ್ಲ. ಅದು ದಾಸರನ್ನು ಸಾಗಿಸುವ ಸಾಧನ.

ಇದು ಬರೀ ಕವಿಕಲ್ಪನೆ ಅಂತ ತಿಳಿಯಬೇಡಿ. ಯೋವೇಲನ ಪುಸ್ತಕ ತೂರ್ ಮತ್ತು ಸೀದೋನಿನ ಮೇಲೆ ಹೊರಿಸುವ ಆಪಾದನೆಯೇ ಇದು: ಯೆಹೂದದ ಮಕ್ಕಳನ್ನು ಗ್ರೀಕರಿಗೆ ಮಾರಿ ದೂರಕ್ಕೆ ಕಳಿಸಿದಿರಿ ಎಂದು. ಆ ಗುಡ್ಡದ ಜನ ಕಡಲನ್ನು ನೋಡಿ ಹೆದರಿದ್ದರಲ್ಲಿ ಪುರಾಣದ ಜಲಸರ್ಪದ ಪಾಲು ಎಷ್ಟೋ, ಮಕ್ಕಳು ಕಣ್ಮರೆಯಾಗುವ ಈ ದಾರಿಯ ಪಾಲೂ ಅಷ್ಟೇ ಇರಬೇಕು.

ಹಾಗಂತ ಅವರಿಗೆ ಹಡಗಿನ ಆಸೆ ಇರಲಿಲ್ಲ ಅಂತಲ್ಲ. ಸೊಲೊಮೋನ ಕೆಂಪು ಸಮುದ್ರದ ತುದಿಯ ಎಚ್ಯೋನ್ ಗೆಬೆರಿನಲ್ಲಿ ಹಡಗು ಕಟ್ಟಿಸಿದ ಅಂತ ಅರಸುಗಳು ಮೊದಲನೆಯ ಪುಸ್ತಕ ಹೇಳುತ್ತದೆ. ಆದರೆ ನಡೆಸಲಿಕ್ಕೆ ಕಡಲು ಬಲ್ಲ ಆಳುಗಳನ್ನು ಕಳಿಸಿದವನು ತೂರಿನ ರಾಜ ಹೀರಾಮ. ಆ ಕಾಲದ ಸರಕಿನ ಪಟ್ಟಿಯಲ್ಲಿ ಬಂಗಾರ, ಬೆಳ್ಳಿ, ದಂತ, ಕೋತಿಗಳ ಜೊತೆ ‘ತುಕ್ಕಿಯೀಮ್’ ಎಂಬುದೊಂದು ಬರುತ್ತದೆ. ಅದನ್ನು ನವಿಲು ಅಂತ ಅನುವಾದಿಸುವುದು ವಾಡಿಕೆ. ಕಾಲ್ಡ್‌ವೆಲ್ ಇದನ್ನು ತಮಿಳು ಮಲಯಾಳಂನ ‘ತೋಕೈ’ ಎಂಬ ಪದಕ್ಕೆ ಜೋಡಿಸಿದ್ದರು. ಬಾಲ, ನವಿಲುಗರಿ ಎಂಬ ಅರ್ಥದಲ್ಲಿ ಕನ್ನಡದಲ್ಲೂ ‘ತೋಕೆ’ ಇದೆ. ಈ ನಿರುಕ್ತಿಯನ್ನು ಇವತ್ತು ಎಲ್ಲರೂ ಒಪ್ಪುವುದಿಲ್ಲ, ಹಾಗಾಗಿ ಇದರ ಮೇಲೆ ದ್ರಾವಿಡ ಹೆಮ್ಮೆಯ ಗೋಪುರ ಕಟ್ಟುವುದು ಬೇಡ. ಮುಂದೆ ಯೆಹೋಷಾಫಾಟ ರಾಜ ಅದೇ ಬಂದರಿನಲ್ಲಿ ಹಡಗು ಮಾಡಿಸಿದ. ಅವು ಅಲ್ಲೇ ಒಡೆದುಹೋದವು. ಇಸ್ರಾಯೇಲರ ಸ್ವಂತ ಹಡಗಿನ ಚರಿತ್ರೆ ಹೀಗೆ ಎರಡು ಮೂರು ವಾಕ್ಯಗಳಲ್ಲಿ ಮುಗಿಯುತ್ತದೆ.

ಬೇರೆಯವರ ಹಡಗಿನ ಬಗ್ಗೆ ಬರೆಯುವಾಗ ಮಾತು ಉದ್ದವಾಗುತ್ತದೆ. ಯೆಹೆಜ್ಕೇಲನ ಪುಸ್ತಕದ 27ನೇ ಅಧ್ಯಾಯ ತೂರ್ ಪಟ್ಟಣವನ್ನೇ ಒಂದು ಹಡಗಾಗಿ ಕಾಣುತ್ತದೆ. ಪ್ರವಾದಿ ಆಗ ಬ್ಯಾಬಿಲೋನಿನಲ್ಲಿ ಸೆರೆಯಾಳು. ಲೆಬನೋನಿನ ದೇವದಾರುವಿನ ಸ್ತಂಭ, ಬಾಷಾನಿನ ಅಲ್ಲೋನ್ ಮರದ ಹುಟ್ಟು, ಐಗುಪ್ತದ ನಾರುಬಟ್ಟೆಯ ಹಾಯಿ, ಹುಟ್ಟು ಹಾಕಲಿಕ್ಕೆ ಸೀದೋನಿನವರು, ಬಿರುಕು ಮುಚ್ಚಲಿಕ್ಕೆ ಗೆಬಲಿನ ಹಿರಿಯರು. ಹಡಗು ಕಟ್ಟುವ ಕಸುಬನ್ನು ಹತ್ತಿರದಿಂದ ಬಲ್ಲವರ ವಿವರ ಇದು. ಆಮೇಲೆ ಸರಕಿನ ಪಟ್ಟಿ. ತಾರ್ಷೀಷಿನ ಬೆಳ್ಳಿ, ಕಬ್ಬಿಣ, ತವರ, ಸೀಸ. ಯೆಹೂದದ ಗೋಧಿ, ಜೇನು, ಎಣ್ಣೆಯೂ ಅದರಲ್ಲಿದೆ. ಅಂದರೆ ಪ್ರವಾದಿಯ ಸ್ವಂತ ನೆಲವೂ ಈ ಹಡಗಿಗೆ ಮಾಲು ಕೊಟ್ಟಿದೆ. ಅದೇ ಪಟ್ಟಿಯಲ್ಲಿ, 13ನೇ ವಚನದಲ್ಲಿ, ತಾಮ್ರದ ಪಾತ್ರೆಗಳ ಪಕ್ಕದಲ್ಲಿ, ಮನುಷ್ಯರು. ಕೊನೆಗೆ ಮೂಡಣ ಗಾಳಿ ಹೊಡೆದು ನಡುಗಡಲಿನಲ್ಲಿ ಹಡಗು ಒಡೆಯುತ್ತದೆ. ಈ ಪದ್ಯದಲ್ಲಿ ಬೆರಗೂ ಉಂಟು, ಸಿಟ್ಟೂ ಉಂಟು. ಒಂದನ್ನು ತೆಗೆದರೆ ಇನ್ನೊಂದು ನಿಲ್ಲುವುದಿಲ್ಲ.

ಯೋನನ ಕಥೆ ಇದಕ್ಕೆ ಒಳಗಿನಿಂದಲೇ ಬಂದ ಪ್ರತಿವಾದ. ದೇವರ ಮಾತಿನಿಂದ ತಪ್ಪಿಸಿಕೊಳ್ಳಲಿಕ್ಕೆ ಯೋನ ಯೊಪ್ಪಕ್ಕೆ ಇಳಿದು, ಪ್ರಯಾಣದ ದರ ಕೊಟ್ಟು ಹಡಗು ಹತ್ತುತ್ತಾನೆ. ಬಿರುಗಾಳಿ ಎದ್ದಾಗ ಪರದೇಶದ ನಾವಿಕರು ತಮ್ಮ ತಮ್ಮ ದೇವರನ್ನು ಕರೆಯುತ್ತಾರೆ, ಸರಕನ್ನು ಕಡಲಿಗೆ ಎಸೆಯುತ್ತಾರೆ. ಯೋನ ಕೆಳಗೆ ಮಲಗಿ ನಿದ್ದೆ ಹೋಗಿದ್ದಾನೆ. ನನ್ನನ್ನು ಎಸೆಯಿರಿ ಎಂದು ಅವನೇ ಹೇಳಿದ ಮೇಲೂ ಅವರು ಎಸೆಯದೆ, ದಡ ಮುಟ್ಟಿಸಲಿಕ್ಕೆ ಹುಟ್ಟು ಹಾಕುತ್ತಾರೆ. ಸರಕನ್ನು ಬಿಟ್ಟು ಮನುಷ್ಯನನ್ನು ಉಳಿಸಲಿಕ್ಕೆ ನೋಡಿದ ಹಡಗು ಇದು. ಹಡಗಿನವರೆಲ್ಲ ಕೆಟ್ಟವರು ಎಂಬ ಗುಡ್ಡದವರ ನಂಬಿಕೆಯನ್ನು ಈ ಸಣ್ಣ ಕಥೆ ಅಲುಗಾಡಿಸುತ್ತದೆ. ಇಲ್ಲಿ ಒಂದು ಕಡೆ ಹಡಗಿಗೆ ‘ಸೆಫೀನಾ’ ಎಂಬ ಪದ ಬರುತ್ತದೆ. ಹೀಬ್ರೂ ಬೈಬಲ್‌ನಲ್ಲಿ ಅದು ಇನ್ನೆಲ್ಲೂ ಇಲ್ಲ. ಅರಬ್ಬಿಯಲ್ಲಿ ಅದರ ನೆಂಟ ‘ಸಫೀನಾ’. ಕುರಾನ್ ನೂಹನ ನಾವೆಯನ್ನು ಕರೆಯುವ ಹೆಸರುಗಳಲ್ಲಿ ಇದೂ ಒಂದು.

ಹೊಸ ಒಡಂಬಡಿಕೆಗೆ ಬರುವಾಗ ಕಡಲೂ ಸಣ್ಣದಾಗುತ್ತದೆ, ಹಡಗೂ ಸಣ್ಣದಾಗುತ್ತದೆ. ಗಲಿಲಾಯ ಸಮುದ್ರ ಅನ್ನುವುದು ಸಿಹಿನೀರಿನ ಕೆರೆ. ಸುಮಾರು 21 ಕಿಲೋಮೀಟರ್ ಉದ್ದ, ಹೆಚ್ಚೆಂದರೆ 13 ಕಿಲೋಮೀಟರ್ ಅಗಲ. ಮಾರ್ಕ ಅದನ್ನು ಕಡಲು ಅನ್ನುತ್ತಾನೆ, ಲೂಕ ಕೆರೆ ಅನ್ನುತ್ತಾನೆ. 1986ರಲ್ಲಿ ಬರಗಾಲದಿಂದ ನೀರು ಇಳಿದಾಗ ಆ ಕೆರೆಯ ಕೆಸರಿನಲ್ಲಿ ಒಂದನೇ ಶತಮಾನದ ಹೊತ್ತಿನ ದೋಣಿಯೊಂದು ಸಿಕ್ಕಿತು. 8 ಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದ, 2.3 ಮೀಟರ್ ಅಗಲ. ಅದರಲ್ಲಿ ಹತ್ತಕ್ಕಿಂತ ಹೆಚ್ಚು ಬಗೆಯ ಮರಗಳಿವೆ, ಹಳೆ ಹಲಗೆಗಳನ್ನು ಮತ್ತೆ ಬಳಸಿದ್ದಾರೆ, ತೇಪೆಯ ಮೇಲೆ ತೇಪೆ. ಲೆಬನೋನಿನ ದೇವದಾರುವಿನ ಹಡಗೆಲ್ಲಿ, ಇದೆಲ್ಲಿ! ಕೈಗೆ ಸಿಕ್ಕಿದ ಮರದಲ್ಲಿ ದುರಸ್ತಿ ಮಾಡಿ ವರ್ಷಗಟ್ಟಲೆ ದುಡಿಸಿದ ದೋಣಿ ಅದು.

ಬೈಬಲ್‌ನ ಓದುಗರು ಇಲ್ಲಿ ಮೊದಲ ಬಾರಿಗೆ ಹೆಸರುಳ್ಳ ದುಡಿಯುವವರ ದೋಣಿಯನ್ನು ನೋಡುತ್ತಾರೆ: ಸೀಮೋನನ ದೋಣಿ, ಕೂಲಿಯಾಳುಗಳೂ ಇದ್ದ ಜೆಬೆದಾಯನ ದೋಣಿ. ಬಿರುಗಾಳಿಯ ಪ್ರಸಂಗದಲ್ಲಿ ಏಸು ಯೋನನ ಹಾಗೆಯೇ ನಿದ್ದೆ ಮಾಡುತ್ತಿದ್ದಾನೆ. ಆದರೆ ಇಲ್ಲಿ ಯಾರನ್ನೂ ನೀರಿಗೆ ಎಸೆಯಬೇಕಾಗುವುದಿಲ್ಲ. ಅವನು ಎದ್ದು ಕಡಲನ್ನು ಗದರಿಸುತ್ತಾನೆ. ದೆವ್ವದ ಬಾಯಿ ಮುಚ್ಚಿಸಲಿಕ್ಕೆ ಮಾರ್ಕ ಬಳಸಿದ ಗ್ರೀಕ್ ಕ್ರಿಯಾಪದವೇ ಇಲ್ಲಿ ಕಡಲಿಗೂ ಬಂದಿದೆ. ಉಗಾರಿತಿನ ಕಡಲು ಈ ಪುಟ್ಟ ಕೆರೆಯೊಳಗೆ ಇನ್ನೂ ಉಸಿರಾಡುತ್ತಿದೆ ಅಂತ ಆಯಿತು.

ಪೌಲನ ಹೊತ್ತಿಗೆ ಮತ್ತೆ ದೊಡ್ಡ ಹಡಗು. ಅಪೊಸ್ತಲರ ಕೃತ್ಯಗಳು 27ನೇ ಅಧ್ಯಾಯದಲ್ಲಿ ಅವನು ಕೈದಿಯಾಗಿ ರೋಮಿಗೆ ಹೋಗುವುದು ಅಲೆಕ್ಸಾಂದ್ರಿಯದ ಹಡಗಿನಲ್ಲಿ. ಒಳಗಿದ್ದದ್ದು ಗೋಧಿ. ಐಗುಪ್ತದ ಗೋಧಿ ರೋಮಿನ ಹೊಟ್ಟೆ ತುಂಬಿಸುತ್ತಿದ್ದ ಕಾಲ ಅದು. ಹಡಗಿನಲ್ಲಿ 276 ಜನ. ಹದಿನಾಲ್ಕು ದಿನ ಗಾಳಿಯ ಹೊಡೆತ, ಹಿಂಭಾಗದಿಂದ ನಾಲ್ಕು ಲಂಗರು, ಕೊನೆಗೆ ಗೋಧಿಯನ್ನೂ ಕಡಲಿಗೆ ಚೆಲ್ಲುತ್ತಾರೆ. ಹಡಗು ಒಡೆಯುವಾಗ ಸಿಪಾಯಿಗಳು ಕೈದಿಗಳನ್ನು ಕೊಂದುಬಿಡೋಣ ಅನ್ನುತ್ತಾರೆ, ಈಜಿ ತಪ್ಪಿಸಿಕೊಂಡಾರು ಎಂಬ ಭಯ. ಶತಾಧಿಪತಿ ತಡೆಯುತ್ತಾನೆ. ಹಲಗೆ ಹಿಡಿದು, ಈಜಿ, ಎಲ್ಲರೂ ಮಾಲ್ಟಾದ ದಡ ಸೇರುತ್ತಾರೆ. ಹಡಗು ಹೋಯಿತು, ಸರಕು ಹೋಯಿತು, ಮನುಷ್ಯರು ಉಳಿದರು. ಈ ಅಧ್ಯಾಯ ಇಷ್ಟು ವಿವರವಾಗಿ ಎಣಿಸಿ ತೋರಿಸುವುದು ಇದನ್ನೇ.

ಕೊನೆಯ ಪುಸ್ತಕ ಪ್ರಕಟನೆ. ಅದರ 18ನೇ ಅಧ್ಯಾಯ ರೋಮನ್ನು ಬ್ಯಾಬಿಲೋನ್ ಅಂತ ಕರೆದು ಅದರ ಪತನ ಹಾಡುತ್ತದೆ. ಅಲ್ಲಿ ಹಡಗಿನ ಒಡೆಯರೂ ವರ್ತಕರೂ ದೂರ ನಿಂತು ಗೋಳಾಡುತ್ತಾರೆ. ಯೆಹೆಜ್ಕೇಲನ ಸರಕಿನ ಪಟ್ಟಿ ಇಲ್ಲಿ ಮರಳಿ ಬಂದಿದೆ. ಬಂಗಾರದಿಂದ ಶುರುವಾಗಿ ರೇಷ್ಮೆ, ದಂತ, ದಾಲ್ಚಿನ್ನಿ, ದ್ರಾಕ್ಷಾರಸ, ಕುದುರೆ, ರಥ ಎಲ್ಲ ಆಗಿ ಕೊನೆಯಲ್ಲಿ ಮನುಷ್ಯ ದೇಹಗಳು, ಮನುಷ್ಯ ಪ್ರಾಣಗಳು. ಇದಾದ ಮೂರು ಅಧ್ಯಾಯಗಳ ಮೇಲೆ ಹೊಸ ಲೋಕದ ದರ್ಶನ, ಅದರಲ್ಲಿ ಕಡಲು ಇಲ್ಲ. ಈ ಮಾತನ್ನು ಕೇಳಿದರೆ ಕರಾವಳಿಯವರಾದ ನಮಗೆ ಬೇಸರವಾಗುತ್ತದೆ, ಕಡಲಿಲ್ಲದ ಸ್ವರ್ಗ ಎಂಥದ್ದು ಅಂತ. ಆದರೆ ಬರೆದವನು ಪತ್ಮೋಸ್ ದ್ವೀಪದಲ್ಲಿದ್ದವನು. ಸುತ್ತಲಿನ ಕಡಲು ಅವನಿಗೆ ಸೆರೆಯ ಗೋಡೆ, ಸಾಮ್ರಾಜ್ಯಕ್ಕೆ ಸರಕಿನ ಹೆದ್ದಾರಿ. ಆ ಪಟ್ಟಿಯನ್ನು ಓದಿದ ಮೇಲೆ ಈ ಮಾತು ಓದಿದರೆ, ಮನುಷ್ಯರನ್ನು ಸಾಗಿಸುವ ದಾರಿಯೇ ಮುಚ್ಚಿತು ಎಂಬ ಅರ್ಥವೂ ಹೊರಡುತ್ತದೆ. ಯೆಶಾಯನ 60ನೇ ಅಧ್ಯಾಯದ ಕನಸು ಇನ್ನೊಂದು ಬಗೆಯದು. ಅಲ್ಲಿ ಅದೇ ತಾರ್ಷೀಷಿನ ಹಡಗುಗಳು ದೂರ ಹೋದ ಮಕ್ಕಳನ್ನು ಮನೆಗೆ ಕರೆತರುತ್ತವೆ. ಹಡಗು ಇಲ್ಲದಂತಾಗಬೇಕೋ, ದಿಕ್ಕು ತಿರುಗಬೇಕೋ? ಬೈಬಲ್ ಎರಡನ್ನೂ ಉಳಿಸಿಕೊಂಡಿದೆ.

ನಾನು ಆರಂಭದಲ್ಲಿ ಹೇಳಿದ ಸಮೀಕರಣ ಗಟ್ಟಿಯಾದದ್ದು ಇದಾದ ಮೇಲೆ. ಸುಮಾರು ಕ್ರಿಸ್ತಶಕ 200ರ ಹೊತ್ತಿಗೆ ಉತ್ತರ ಆಫ್ರಿಕಾದ ತೆರ್ತುಲ್ಲಿಯನ್ ಶಿಷ್ಯರ ದೋಣಿಯನ್ನು ಸಭೆಯ ರೂಪ ಎಂದು ಓದಿದ. ಅಲೆಕ್ಸಾಂದ್ರಿಯದ ಕ್ಲೆಮೆಂಟ್ ಮುದ್ರೆಯುಂಗುರಕ್ಕೆ ಒಪ್ಪುವ ಚಿತ್ರಗಳಲ್ಲಿ ಹಡಗು ಮತ್ತು ಲಂಗರನ್ನು ಸೇರಿಸಿದ. ಕಿರುಕುಳಕ್ಕೆ ಒಳಗಾಗಿದ್ದ ಸಣ್ಣ ಗುಂಪಿಗೆ ತೇಪೆ ಹಾಕಿದ ದೋಣಿ ಸರಿಯಾದ ಸಂಕೇತವೇ. ಆದರೆ ಗುಂಪು ದೊಡ್ಡದಾಗಿ ರಾಜ್ಯಗಳ ಜೊತೆ ಸೇರಿಕೊಂಡಾಗಲೂ ಸಂಕೇತ ಹಾಗೆಯೇ ಮುಂದುವರಿಯಿತು. ಕಡೆಗೆ ಏನಾಯಿತು ನೋಡಿ: 1564ರಲ್ಲಿ ಇಂಗ್ಲೆಂಡಿನ ಜಾನ್ ಹಾಕಿನ್ಸ್ ಆಫ್ರಿಕಾದ ಮನುಷ್ಯರನ್ನು ಹಿಡಿದು ಮಾರಲಿಕ್ಕೆ ಹೊರಟ ಹಡಗಿನ ಹೆಸರು ‘ಜೀಸಸ್ ಆಫ್ ಲ್ಯೂಬೆಕ್’. ಪ್ರಕಟನೆಯ ಪಟ್ಟಿಯ ಕೊನೆಯ ಸಾಲು ಆ ಹಡಗಿನ ಹೊಟ್ಟೆಯಲ್ಲಿತ್ತು, ಹೆಸರು ಮಾತ್ರ ಹೊರಗೆ ಹಲಗೆಯ ಮೇಲೆ.

ಇದರಿಂದ ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಒಂದು ಕೆಲಸ ಸಿಗುತ್ತದೆ ಅಂತ ನನ್ನ ಅಭಿಪ್ರಾಯ. ಸಂಕೇತಕ್ಕೆ ಅರ್ಥ ಹೇಳುವ ಮೊದಲು ವಸ್ತು ಯಾರ ಕೈಯಲ್ಲಿತ್ತು ಅಂತ ಕೇಳುವುದು. ನಮ್ಮಲ್ಲಿ ಭವಸಾಗರದ ಬಗ್ಗೆ ಬರೆದವರಲ್ಲಿ ಕಡಲ ದಡದವರು ಎಷ್ಟು, ಒಳನಾಡಿನವರು ಎಷ್ಟು? ಅಂಬಿಗರ ಚೌಡಯ್ಯ ಕಸುಬಿನಿಂದಲೇ ಅಂಬಿಗ. ಅವನ ವಚನದಲ್ಲಿ ಹುಟ್ಟು ಬಂದರೆ ಅದು ಮೊದಲು ಅಂಗೈಯಲ್ಲಿ ಗುಳ್ಳೆ ಎಬ್ಬಿಸಿದ ಮರದ ತುಂಡು, ಆಮೇಲೆ ಸಂಕೇತ. ದೋಣಿಯಲ್ಲಿ ಬರೀ ಕೂತು ದಾಟಿದವನ ಸಾಲಿನಲ್ಲಿ ಅದೇ ಹುಟ್ಟು ಬೇರೆ ಮಾತಾಡುತ್ತದೆ. ಎರಡಕ್ಕೂ ಒಂದೇ ಅರ್ಥ ಬರೆದು ಅಂಕ ಪಡೆಯಬಹುದು. ಆದರೆ ಹಾಗೆ ಬರೆಯುವಾಗ ಮೊದಲು ಬಿಟ್ಟುಹೋಗುವವರು ಹುಟ್ಟು ಹಾಕಿದವರು ಮತ್ತು ಸರಕಾಗಿ ಹೋದವರು. ಯೆಹೆಜ್ಕೇಲ ತನ್ನ ಪದ್ಯದಲ್ಲಿ ಅವರನ್ನು ಬಿಡಲಿಲ್ಲ. ನಾವೂ ಬಿಡಬಾರದು.